ಹಲ್ಲು-ಸೊಲ್ಲು: ಓರೆ ಬಂದ ಬುದ್ಧಿಹಲ್ಲನ್ನು ಏನು ಮಾಡೋಣ?

ಯುಗಾದಿ ಸಂಚಿಕೆಯ ಈ ಅಂಕಣದಲ್ಲಿ ಪುಟ್ಟ ಮಕ್ಕಳ ಹಾಲುಹಲ್ಲಿನ ಬಗ್ಗೆ ಬರೆದಿದ್ದೆ. ಅದನ್ನು ಓದಿದ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು, "ಡಾಕ್ಟ್ರೇ, ನಮ್ಮ ಮಕ್ಕಳ ಹಾಲುಹಲ್ಲೆಲ್ಲ ಬಿದ್ದು ಹತ್ತು ವರ್ಷವಾಯಿತು. ಈಗ ನಮ್ಮ ತಲೆನೋವೆಲ್ಲ ಹಿಂದಿನ ಸಾಲಿನದು" ಎಂದರು. ಅವರೊಬ್ಬರೇ ಅಲ್ಲ. ಈ ಆರು ತಿಂಗಳಲ್ಲಿ ನನ್ನನ್ನು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದೇ: ದವಡೆಯ ತುದಿಯಲ್ಲಿ ಓರೆಯಾಗಿ ಬರುತ್ತಿರುವ ಬುದ್ಧಿಹಲ್ಲನ್ನು ಕೀಳಿಸಬೇಕೋ, ಹಾಗೇ ಬಿಡಬೇಕೋ?

ಕಥೆ ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಮಗನೋ ಮಗಳೋ ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೊರಟಿರುತ್ತಾರೆ. ಬೇಸಿಗೆಯ ಚೆಕಪ್‌ನಲ್ಲಿ ಡೆಂಟಿಸ್ಟ್ ದೊಡ್ಡದೊಂದು ಎಕ್ಸ್-ರೇ ತೆಗೆದು, "ನಾಲ್ಕೂ ಓರೆಯಾಗಿವೆ, ಕಾಲೇಜಿಗೆ ಹೋಗುವ ಮುಂಚೆ ತೆಗೆಸಿಬಿಡಿ" ಎಂದು ಓರಲ್ ಸರ್ಜನ್‌ಗೆ ಚೀಟಿ ಬರೆದುಕೊಡುತ್ತಾರೆ. ಆ ರಾತ್ರಿಯೇ ಬೆಂಗಳೂರಿಗೆ ಫೋನು ಹೋಗುತ್ತದೆ. ನಮ್ಮವರ ಬಳಗದಲ್ಲಿ ಬಿ.ಡಿ.ಎಸ್. ಓದಿದವರು ಒಬ್ಬರಾದರೂ ಇದ್ದೇ ಇರುತ್ತಾರಲ್ಲ! ಅವರು, "ನೋವಿಲ್ಲ ತಾನೇ? ಹಾಗಿದ್ರೆ ಯಾಕೆ ಮುಟ್ಟೋಕೆ ಹೋಗ್ತೀರಿ, ಸುಮ್ನಿರಿ" ಎನ್ನುತ್ತಾರೆ. ಲಂಡನ್ನಿನಲ್ಲಿರುವ ನಾದಿನಿಯನ್ನು ಕೇಳಿದರೆ, "ಇಲ್ಲಿ ಕೀಳಿಸಬೇಕು ಅಂತ ನಾವೇ ಗೋಗರೆದರೂ ಕೀಳಲ್ಲ" ಎಂಬ ಉತ್ತರ. ಮೂರು ದೇಶ, ಮೂರು ಮಾತು. ಮಧ್ಯದಲ್ಲಿ ಹದಿನೆಂಟರ ಮಗು ಮತ್ತು ಒಂದೆರಡು ಸಾವಿರ ಡಾಲರಿನ ಎಸ್ಟಿಮೇಟು.

ನಾನು ಕಲಿತದ್ದು ಕರ್ನಾಟಕದ ಡೆಂಟಲ್ ಕಾಲೇಜಿನಲ್ಲಿ. ಇಲ್ಲಿಗೆ ಬಂದ ಮೇಲೆ, ನಮ್ಮ ಡಿಗ್ರಿ ಸಾಲದೆಂದು ಮತ್ತೆ ವಿದ್ಯಾರ್ಥಿಯಾಗಿ ಕೂತು ಓದಿ, ಈಗ ನ್ಯೂಜೆರ್ಸಿಯಲ್ಲಿ ವೃತ್ತಿ ಮಾಡುತ್ತಿದ್ದೇನೆ. ಎರಡೂ ಕಡೆಯ ಉಪ್ಪು ತಿಂದವನಾಗಿ ಹೇಳುವುದಾದರೆ, ಹಲ್ಲು ಓರೆಯಾಗಿದೆ ಎಂಬುದೊಂದೇ ಕೀಳಲು ಕಾರಣವಲ್ಲ. ನೋವಿಲ್ಲ ಎಂಬುದೊಂದೇ ಬಿಡಲು ಕಾರಣವೂ ಅಲ್ಲ. ಹಾಗಾದರೆ ಏನನ್ನು ನೋಡಿ ನಿರ್ಧರಿಸಬೇಕು ಎಂಬುದೇ ಈ ಸಲದ ವಿಷಯ.

ಮೊದಲು ಹಲ್ಲಿನ ಪರಿಚಯ. ನಮ್ಮ ಬಾಯಲ್ಲಿ ಪ್ರತಿ ಮೂಲೆಗೂ ಮೂರು ದೊಡ್ಡ ದವಡೆ ಹಲ್ಲುಗಳಿಗೆ ಜಾಗ ಉಂಟು. ಮೊದಲನೆಯದು ಆರನೇ ವಯಸ್ಸಿಗೆ, ಎರಡನೆಯದು ಹನ್ನೆರಡರ ಆಸುಪಾಸಿಗೆ ಬರುತ್ತದೆ. ಮೂರನೆಯದೇ ಈ ಬುದ್ಧಿಹಲ್ಲು. ಸಾಮಾನ್ಯವಾಗಿ 17ರಿಂದ 25ರ ಒಳಗೆ, ಅಂದರೆ ಬುದ್ಧಿ ಬರಬೇಕಾದ ವಯಸ್ಸಿಗೆ ಬರುವುದರಿಂದ ಈ ಹೆಸರು. (ಬರುತ್ತದೋ ಇಲ್ಲವೋ ಅದು ಬೇರೆ ಮಾತು. ನಮ್ಮ ಮನೆಯವರು ನನ್ನ ವಿಷಯದಲ್ಲಿ ಇನ್ನೂ ಕಾಯುತ್ತಿದ್ದಾರೆ.) ಸುಮಾರು ಐದು ಜನರಲ್ಲಿ ಒಬ್ಬರಿಗೆ ಇವುಗಳಲ್ಲಿ ಒಂದಾದರೂ ಹುಟ್ಟುವುದೇ ಇಲ್ಲ. ಅದರಿಂದ ಕೊರತೆಯೇನೂ ಇಲ್ಲ.

ಕೊನೆಗೆ ಬಂದವರಿಗೆ ಸೀಟು ಸಿಗದಿರುವುದು ಬಸ್ಸಿನಲ್ಲಿ ಮಾತ್ರವಲ್ಲ, ಬಾಯಲ್ಲೂ ಉಂಟು. ಹಸಿ ಗೆಡ್ಡೆ, ಒರಟು ಕಾಳು ಅಗಿಯುತ್ತಿದ್ದ ನಮ್ಮ ಪೂರ್ವಜರ ದವಡೆ ಉದ್ದವಾಗಿತ್ತು. ಬೇಯಿಸಿದ, ನುಣ್ಣಗೆ ಬೀಸಿದ ಆಹಾರ ತಿನ್ನುವ ನಮ್ಮ ದವಡೆ ಚಿಕ್ಕದಾಗಿದೆ. ಹಲ್ಲಿನ ಸಂಖ್ಯೆ ಮಾತ್ರ ಹಾಗೇ ಉಳಿದಿದೆ. ಅಲ್ಲದೆ ಕೆಳದವಡೆಯ ಬುದ್ಧಿಹಲ್ಲಿನ ಮೊಳಕೆ ಶುರುವಿನಲ್ಲೇ ಮುಂದಕ್ಕೆ ವಾಲಿಕೊಂಡಿರುತ್ತದೆ. ದವಡೆ ಬೆಳೆಯುತ್ತಾ ಹೋದ ಹಾಗೆ ಅದು ನಿಧಾನವಾಗಿ ನೆಟ್ಟಗಾಗಬೇಕು. ಜಾಗ ಸಾಲದಿದ್ದರೆ ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಇದನ್ನೇ ನಾವು ಇಂಪ್ಯಾಕ್ಟೆಡ್ ಎನ್ನುವುದು.

ಸಿಕ್ಕಿಕೊಳ್ಳುವುದರಲ್ಲೂ ನಾಲ್ಕು ಭಂಗಿಗಳಿವೆ. ಇವನ್ನು ಅಮೆರಿಕದ ದಂತವೈದ್ಯ ಜಾರ್ಜ್ ವಿಂಟರ್ 1926ರಲ್ಲಿ ವಿಂಗಡಿಸಿದರು, ಇಂದಿಗೂ ನಮ್ಮ ವಿದ್ಯಾರ್ಥಿಗಳು ಅದನ್ನೇ ಓದುತ್ತಾರೆ. ಅತಿ ಸಾಮಾನ್ಯವಾದದ್ದು ಮುಂದಕ್ಕೆ ವಾಲಿದ್ದು. ರಾತ್ರಿ ಬಸ್ಸಿನಲ್ಲಿ ಪಕ್ಕದವರ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದವರ ಹಾಗೆ, ಇದು ಮುಂದಿನ ಹಲ್ಲಿಗೆ ಒರಗಿಕೊಂಡಿರುತ್ತದೆ. ಎರಡನೆಯದು ಪೂರ್ತಿ ಅಡ್ಡ ಮಲಗಿದ್ದು. ಮೂರನೆಯದು ನೆಟ್ಟಗೇ ಇದ್ದರೂ ಮೇಲೇಳಲು ಜಾಗವಿಲ್ಲದ್ದು. ನಾಲ್ಕನೆಯದು ಹಿಂದಕ್ಕೆ ವಾಲಿದ್ದು. ಎಕ್ಸ್-ರೇಯಲ್ಲಿ ನೋಡಲು ಅಡ್ಡ ಮಲಗಿದ್ದೇ ಭಯಂಕರವಾಗಿ ಕಾಣುತ್ತದೆ, ಆದರೆ ಕೆಳದವಡೆಯಲ್ಲಿ ಕೀಳುವವರ ಬೆವರಿಳಿಸುವುದು ಈ ಸಾಧುವಾಗಿ ಕಾಣುವ ನಾಲ್ಕನೆಯದು. ಹಿಂದೆಲ್ಲ ಗಟ್ಟಿ ಮೂಳೆ. ಹಲ್ಲನ್ನು ಹೊರಗೆ ತರುವ ದಾರಿಯೇ ಆ ಮೂಳೆಯೊಳಕ್ಕೆ ಹೋಗಿರುತ್ತದೆ.

ಓರೆ ಎಷ್ಟು ಎಂಬುದಕ್ಕಿಂತ, ಹಲ್ಲು ಎಷ್ಟು ಹೊರಗೆ ಬಂದಿದೆ ಎಂಬುದು ಮುಖ್ಯ. ಪೂರ್ತಿ ಮೂಳೆಯೊಳಗೇ ಹೂತುಕೊಂಡ ಹಲ್ಲು ಎಷ್ಟೋ ಜನರಲ್ಲಿ ಜೀವಮಾನವಿಡೀ ಯಾರಿಗೂ ತೊಂದರೆ ಕೊಡದೆ ಇರುತ್ತದೆ. ಪೂರ್ತಿ ಹೊರಬಂದು, ಬ್ರಷ್ಷಿಗೆ ಸಿಗುವ ಹಲ್ಲೂ ಕ್ಷೇಮ. ಕಷ್ಟ ಕೊಡುವುದು ಹೊಸ್ತಿಲ ಮೇಲೆ ನಿಂತದ್ದು! ಅರ್ಧ ತಲೆ ಹೊರಗೆ, ಅರ್ಧ ವಸಡಿನ ಕೆಳಗೆ. ಆ ವಸಡಿನ ಸೆರಗಿನ ಕೆಳಗೆ ಅನ್ನದ ಅಗುಳು, ಚಟ್ನಿಯ ಕಾಯಿ ಸೇರಿಕೊಳ್ಳುತ್ತದೆ. ಬ್ರಷ್ ಹೋಗುವುದಿಲ್ಲ. ಒಂದು ದಿನ ಪರೀಕ್ಷೆಯ ಒತ್ತಡದಲ್ಲೋ ನೆಗಡಿಯಲ್ಲೋ ಮೈ ಸೋತಾಗ ಅಲ್ಲಿ ಕೀವು ಕಟ್ಟಿಕೊಂಡು, ಬಾಯಿ ಎರಡು ಬೆರಳಗಲ ತೆರೆಯುವುದೂ ಕಷ್ಟವಾಗುತ್ತದೆ. ಕಾಲೇಜು ಮಕ್ಕಳಲ್ಲಿ ನಾವು ಅತಿ ಹೆಚ್ಚು ನೋಡುವ ಬುದ್ಧಿಹಲ್ಲಿನ ತೊಂದರೆ ಇದೇ.

ಎರಡನೆಯ ತೊಂದರೆ ಇನ್ನೂ ಸದ್ದಿಲ್ಲದ್ದು. ನನ್ನ ಮಟ್ಟಿಗೆ ಇಡೀ ಚರ್ಚೆಯ ಕೇಂದ್ರವೇ ಇದು. ಮುಂದಕ್ಕೆ ಒರಗಿದ ಬುದ್ಧಿಹಲ್ಲು ಮತ್ತು ಅದರ ಮುಂದಿನ ಎರಡನೇ ದವಡೆ ಹಲ್ಲಿನ ಮಧ್ಯೆ ಒಂದು ಸಂದು ಉಂಟಾಗುತ್ತದೆ. ಅಲ್ಲಿ ಸಿಕ್ಕಿಕೊಂಡ ಆಹಾರ ನಿಧಾನವಾಗಿ ಎರಡನೇ ಹಲ್ಲಿನ ಬೆನ್ನನ್ನು ಹುಳುಕು ಹಿಡಿಸುತ್ತದೆ. ನೋವಿಲ್ಲ, ಕನ್ನಡಿಯಲ್ಲಿ ಕಾಣುವುದಿಲ್ಲ. ಕೆಲವು ವರ್ಷಗಳ ಹಿಂದೆ ಮೂವತ್ತು ದಾಟಿದ ಸಾಫ್ಟ್‌ವೇರ್ ಹುಡುಗನೊಬ್ಬ "ತಣ್ಣೀರು ತಾಗಿದರೆ ಜುಮ್ ಅನ್ನುತ್ತೆ" ಎಂದು ಬಂದಿದ್ದ. ಬುದ್ಧಿಹಲ್ಲು ಹಾಳಾಗಿದೆ ಎಂದುಕೊಂಡಿದ್ದ. ಎಕ್ಸ್-ರೇ ನೋಡಿದರೆ ಬುದ್ಧಿಹಲ್ಲು ಗಟ್ಟಿಮುಟ್ಟಾಗಿತ್ತು. ಅದರ ಮುಂದಿನ ಹಲ್ಲು ಬೇರಿನವರೆಗೆ ಕೊಳೆತು, ಉಳಿಸುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ಎರಡನ್ನೂ ತೆಗೆಯಬೇಕಾಯಿತು. ಬುದ್ಧಿಹಲ್ಲು ಹೋದರೆ ಊಟಕ್ಕೆ ಏನೂ ಆಗುವುದಿಲ್ಲ. ಎರಡನೇ ದವಡೆ ಹಲ್ಲು ಹೋದರೆ ಜೀವನಪೂರ್ತಿ ನೆನಪಾಗುತ್ತದೆ. ಹಾಗಾಗಿ ನಾವು ಕಾಯುತ್ತಿರುವುದು ಬುದ್ಧಿಹಲ್ಲನ್ನಲ್ಲ, ಅದರ ನೆರೆಯವನನ್ನು.

ಈಗ ಮೂರು ದೇಶದ ಮೂರು ಮಾತಿಗೆ ಬರೋಣ. ಇಂಗ್ಲೆಂಡಿನ ನೈಸ್ ಎಂಬ ಸರ್ಕಾರಿ ಆರೋಗ್ಯ ಸಂಸ್ಥೆ 2000ದ ಮಾರ್ಚಿನಲ್ಲಿ, ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಗಾಗಿ ಕೀಳುವುದನ್ನು ಎನ್.ಎಚ್.ಎಸ್.ನಲ್ಲಿ ನಿಲ್ಲಿಸಿ ಎಂದು ಸೂಚಿಸಿತು. ಚಿಕಿತ್ಸೆಗಳನ್ನು ಒರೆಗೆ ಹಚ್ಚುವ ಅದರ ಸರಣಿಯಲ್ಲಿ ಇದು ಮೊತ್ತಮೊದಲನೆಯದು. ನಾದಿನಿ ಹೇಳಿದ್ದು ಇದನ್ನೇ. ಅಮೆರಿಕದಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಜೇ ಫ್ರೀಡ್‌ಮನ್ ಎಂಬ ಹಿರಿಯ ದಂತವೈದ್ಯರು 2007ರಲ್ಲಿ ಬರೆದ ಲೇಖನದ ಅಂದಾಜಿನಂತೆ ಇಲ್ಲಿ ವರ್ಷಕ್ಕೆ ಸುಮಾರು 50 ಲಕ್ಷ ಜನರ 1 ಕೋಟಿ ಬುದ್ಧಿಹಲ್ಲುಗಳನ್ನು ಕೀಳಲಾಗುತ್ತಿತ್ತು, ಖರ್ಚು 300 ಕೋಟಿ ಡಾಲರಿಗೂ ಮೇಲೆ. ಇದರಲ್ಲಿ ಬಹುಪಾಲು ಅನಗತ್ಯ ಎಂದು ಅವರ ವಾದ. ಮರುವರ್ಷ, 2008ರಲ್ಲಿ, ಅಮೆರಿಕನ್ ಪಬ್ಲಿಕ್ ಹೆಲ್ತ್ ಅಸೋಸಿಯೇಷನ್ ಕೂಡ ಮುಂಜಾಗ್ರತೆಯ ಕೀಳುವಿಕೆಯನ್ನು ವಿರೋಧಿಸಿತು. ಸರ್ಜನ್ನರ ಸಂಘ ಒಪ್ಪಲಿಲ್ಲ. ರೋಗವಿದ್ದರೆ ಅಥವಾ ರೋಗ ಬರುವ ಸಂಭವ ಹೆಚ್ಚಿದ್ದರೆ ತೆಗೆಯಿರಿ, ಇಲ್ಲದಿದ್ದರೆ ಎಕ್ಸ್-ರೇ ತೆಗೆಯುತ್ತಾ ಕಣ್ಣಿಟ್ಟಿರಿ ಎಂಬುದು ಅವರ ನಿಲುವು. ಮಾತು ಸರಿಯೇ. ಆದರೆ "ಸಂಭವ ಹೆಚ್ಚಿದ್ದರೆ" ಎಂಬ ಪದದೊಳಗೆ ಊರೆಲ್ಲ ಹಿಡಿಸುತ್ತದೆ!

ಇಂಗ್ಲೆಂಡಿನಲ್ಲಿ ಮುಂದೇನಾಯಿತು ಎಂಬುದೂ ಪಾಠವೇ. ಕೀಳುವುದು ನಿಂತುಹೋಗಲಿಲ್ಲ, ಮುಂದಕ್ಕೆ ಹೋಯಿತು. ಬುದ್ಧಿಹಲ್ಲು ಕೀಳಿಸುವವರ ಸರಾಸರಿ ವಯಸ್ಸು ಹತ್ತು ವರ್ಷದಲ್ಲಿ ಸುಮಾರು 25ರಿಂದ 32ಕ್ಕೆ ಏರಿತು, ಎರಡನೇ ದವಡೆ ಹಲ್ಲಿನ ಹುಳುಕು ಒಂದು ಮುಖ್ಯ ಕಾರಣವಾಗಿ ಕಾಣಿಸಿಕೊಂಡಿತು. 2020ರಲ್ಲಿ ಅಲ್ಲಿಯ ರಾಯಲ್ ಕಾಲೇಜಿನ ದಂತವಿಭಾಗ ಹೊಸ ಮಾರ್ಗಸೂಚಿ ಹೊರತಂದು, ಪ್ರತಿ ರೋಗಿಯ ಅಪಾಯವನ್ನು ಬೇರೆಬೇರೆಯಾಗಿ ತೂಗಿ ನೋಡಿ ಎಂದಿತು. ಅದೇ ವರ್ಷ ನವೀಕರಿಸಿದ ಕೊಕ್ರೇನ್ ವಿಮರ್ಶೆ ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ, ತೊಂದರೆ ಕೊಡದ ಬುದ್ಧಿಹಲ್ಲನ್ನು ಕೀಳುವುದೇ ಸರಿ ಎನ್ನಲೂ ಬಿಡುವುದೇ ಸರಿ ಎನ್ನಲೂ ಪುರಾವೆ ಸಾಲದು ಎಂದಿತು. ಹೀಗಿರುವಾಗ ಎಕ್ಸ್-ರೇ ನೋಡಿದ ಎರಡು ನಿಮಿಷದಲ್ಲಿ "ನಾಲ್ಕೂ ತೆಗೆಯಲೇಬೇಕು" ಎನ್ನುವವರನ್ನೂ, ಎಕ್ಸ್-ರೇ ನೋಡದೆ ಫೋನಿನಲ್ಲೇ "ಮುಟ್ಟಲೇಬೇಡಿ" ಎನ್ನುವವರನ್ನೂ ನಾನು ಒಂದೇ ತಕ್ಕಡಿಗೆ ಹಾಕುತ್ತೇನೆ.

ಸರ್ಜನ್‌ರ ಮುಂದೆ ಕೂತಾಗ ಕೇಳಬೇಕಾದ್ದು ಇಷ್ಟು. ಇಂಥ ಹಲ್ಲಿಗೆ ಈಗ ಇರುವ ರೋಗ ಯಾವುದು? ರೋಗವಿಲ್ಲದಿದ್ದರೆ, ಯಾವ ರೋಗ ಬರುವ ಸಂಭವವಿದೆ, ಎಕ್ಸ್-ರೇಯಲ್ಲಿ ಎಲ್ಲಿ ಕಾಣುತ್ತಿದೆ ತೋರಿಸಿ. ಬೇರು ನರಕ್ಕೆ ಎಷ್ಟು ಹತ್ತಿರವಿದೆ? ಎರಡು ವರ್ಷ ಕಾದರೆ ಏನು ಕಳೆದುಕೊಳ್ಳುತ್ತೇವೆ? ನಾಲ್ಕು ಹಲ್ಲಿಗೂ ಈ ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ. ಡಜನ್ ಲೆಕ್ಕದಲ್ಲಿ ಬಾಳೆಹಣ್ಣು ಕೊಳ್ಳಬಹುದು, ಹಲ್ಲು ಕೀಳಿಸುವುದು ಬೇಡ. ಒಳ್ಳೆಯ ಸರ್ಜನ್ ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಬೇಸರಿಸಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ಮಗನಿಗೆ ಹತ್ತೊಂಬತ್ತಾದಾಗ ನಾಲ್ಕೂ ಬುದ್ಧಿಹಲ್ಲು ಎಕ್ಸ್-ರೇಯಲ್ಲಿದ್ದವು. ಕೆಳಗಿನ ಬಲಗಡೆಯದು ಮುಂದಕ್ಕೆ ಒರಗಿ ಅರ್ಧ ಹೊರಬಂದಿತ್ತು, ಮುಂದಿನ ಹಲ್ಲಿನ ಬೆನ್ನಿನಲ್ಲಿ ಹುಳುಕಿನ ನೆರಳು ಕಾಣುತ್ತಿತ್ತು. ಅದನ್ನು ತೆಗೆಸಿದೆವು. ಅದರ ಮೇಲಿನ ಜೋಡಿಯೂ ಕೆನ್ನೆಯ ಕಡೆ ವಾಲಿ ಒಳಗೆ ಗಾಯ ಮಾಡುತ್ತಿತ್ತು, ಅದೂ ಹೋಯಿತು. ಕೆಳಗಿನ ಎಡಗಡೆಯದು ಪೂರ್ತಿ ಮೂಳೆಯೊಳಗೆ, ಬೇರು ನರದ ಕಾಲುವೆಯ ಮೇಲೆ ಕೂತಂತಿತ್ತು. ಮೇಲಿನ ಎಡಗಡೆಯದು ನೆಟ್ಟಗೆ ಬಂದು ಬ್ರಷ್ಷಿಗೆ ಸಿಗುತ್ತಿತ್ತು. ಇವೆರಡನ್ನೂ ಬಿಟ್ಟೆವು, ಆಗಾಗ ಎಕ್ಸ್-ರೇ ತೆಗೆದು ನೋಡುತ್ತೇವೆ. ನನ್ನ ಸಹೋದ್ಯೋಗಿ ಸರ್ಜನ್, "ಹೇಗೂ ಮಲಗಿಸುತ್ತೇವೆ, ಒಟ್ಟಿಗೇ ನಾಲ್ಕೂ ಮುಗಿಸಬಹುದಲ್ಲ" ಎಂದರು. ಒಂದೇ ಸಲ ಅರಿವಳಿಕೆ, ಒಂದೇ ಸಲ ರಜೆ ಎಂಬುದು ನಿಜವಾದ ಅನುಕೂಲವೇ. ಆದರೂ ನರದ ಮೇಲಿನ ಹಲ್ಲನ್ನು ಅನುಕೂಲಕ್ಕಾಗಿ ಕೆದಕಲು ನನಗೆ ಮನಸ್ಸಾಗಲಿಲ್ಲ.

ಆ ನರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೆಳದವಡೆಯ ಮೂಳೆಯೊಳಗೆ ಒಂದು ನರ ಹಾದುಹೋಗುತ್ತದೆ. ಕೆಳತುಟಿ, ಗಲ್ಲದ ಸ್ಪರ್ಶವೆಲ್ಲ ಅದರದು. ಒಳಮಗ್ಗುಲಲ್ಲಿ ಇನ್ನೊಂದು ನರ, ಅದು ನಾಲಿಗೆಯದು. ಕೀಳುವಾಗ ಇವಕ್ಕೆ ಪೆಟ್ಟಾದರೆ ತುಟಿಯೋ ನಾಲಿಗೆಯೋ ಜೋಮು ಹಿಡಿದಂತೆ ಇರುತ್ತದೆ. ಹೆಚ್ಚಿನವರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಬೇರು ನರಕ್ಕೆ ತಾಗಿದ್ದರೆ ಈ ಲೆಕ್ಕ ಏರುತ್ತದೆ. ಹಾಗೆ ಅನುಮಾನ ಬಂದಾಗ ಸಿ.ಬಿ.ಸಿ.ಟಿ. ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿಸಬಹುದು. ಬೇರನ್ನು ಅಲ್ಲೇ ಬಿಟ್ಟು ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ತೆಗೆಯುವ ಕೊರೊನೆಕ್ಟಮಿ ಎಂಬ ವಿಧಾನವೂ ಉಂಟು. ಎಲ್ಲರೂ ಮಾಡುವುದಿಲ್ಲ, ಎಲ್ಲ ಹಲ್ಲಿಗೂ ಹೊಂದುವುದಿಲ್ಲ, ಕೇಳಿ ನೋಡಿ. ಹಾಡುವವರು, ವೀಣೆ ಬಿಟ್ಟು ಕೊಳಲು ಹಿಡಿದವರು ಮನೆಯಲ್ಲಿದ್ದರೆ ತುಟಿಯ ವಿಷಯವನ್ನು ಸರ್ಜನ್‌ಗೆ ಮೊದಲೇ ಹೇಳಿ.

ವಯಸ್ಸಿನ ಮಾತು. ತೆಗೆಯಲೇಬೇಕು ಎಂದು ತೀರ್ಮಾನವಾದರೆ ಬೇಗ ತೆಗೆಸುವುದು ಲೇಸು. ಹದಿನೆಂಟು-ಇಪ್ಪತ್ತರ ಆಸುಪಾಸಿನಲ್ಲಿ ಬೇರು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಮೂಳೆಗೆ ಬಳುಕು ಇರುತ್ತದೆ, ಗಾಯ ಬೇಗ ಮಾಯುತ್ತದೆ. ಮೂವತ್ತೈದು ದಾಟಿದ ಮೇಲೆ ಅದೇ ಹಲ್ಲು ಹೆಚ್ಚು ಹೊತ್ತು, ಹೆಚ್ಚು ನೋವು. ಇಲ್ಲಿಯ ಡೆಂಟಿಸ್ಟರು "ಕಾಲೇಜಿಗೆ ಮುಂಚೆ" ಎನ್ನುವುದರಲ್ಲಿ ಈ ಸತ್ಯವಿದೆ, ಅದನ್ನು ತಳ್ಳಿಹಾಕಬೇಡಿ. ಆದರೆ ಐವತ್ತು ದಾಟಿದ ಅಪ್ಪ-ಅಮ್ಮಂದಿರು ಮಕ್ಕಳ ಜೊತೆಗೆ ತಮ್ಮದೂ ಒಂದು ಹೂತ ಹಲ್ಲನ್ನು ತೆಗೆಸುವ ಉತ್ಸಾಹ ತೋರಬೇಕಿಲ್ಲ. ನನ್ನ ಬಾಯಲ್ಲೇ ಒಂದು ಅಡ್ಡ ಮಲಗಿದೆ. ಮೂವತ್ತು ವರ್ಷದಿಂದ ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು.

ಎರಡು ನಂಬಿಕೆಗಳನ್ನು ಇಲ್ಲೇ ಮುಗಿಸಿಬಿಡುತ್ತೇನೆ. "ಬ್ರೇಸಸ್‌ಗೆ ಅಷ್ಟು ಖರ್ಚು ಮಾಡಿದ್ದೇವೆ, ಬುದ್ಧಿಹಲ್ಲು ಹಿಂದಿನಿಂದ ತಳ್ಳಿ ಮುಂದಿನ ಹಲ್ಲನ್ನು ಮತ್ತೆ ಸೊಟ್ಟ ಮಾಡುತ್ತದಂತೆ" ಎಂಬುದು ಇಲ್ಲಿಯ ನಂಬಿಕೆ. ವಯಸ್ಸಾದಂತೆ ಕೆಳಗಿನ ಮುಂದಿನ ಹಲ್ಲುಗಳು ಒತ್ತಾಗುವುದು ಬುದ್ಧಿಹಲ್ಲು ಇದ್ದವರಲ್ಲೂ ಉಂಟು, ಇಲ್ಲದವರಲ್ಲೂ ಉಂಟು. ಅದನ್ನು ತಡೆಯಲಿಕ್ಕೆಂದೇ ಬುದ್ಧಿಹಲ್ಲು ಕೀಳುವುದಕ್ಕೆ ಆಧಾರವಿಲ್ಲ. ರಿಟೇನರನ್ನು ಡಬ್ಬಿಯಲ್ಲಿ ಇಡದೆ ಬಾಯಲ್ಲಿ ಇಟ್ಟುಕೊಳ್ಳಲು ಹೇಳಿ, ಅಷ್ಟೇ. ಇನ್ನೊಂದು ನಮ್ಮ ಊರಿನದು, ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬುದು. ನನ್ನ ಅಜ್ಜಿ ಇದನ್ನು ಕೊನೆಯವರೆಗೂ ನಂಬಿದ್ದರು. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ.

ಮಧ್ಯರಾತ್ರಿ ನೋವು ಶುರುವಾದರೆ ಏನು ಮಾಡುವುದು? ಹದ ಬಿಸಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಮೆತ್ತನೆಯ ಬ್ರಷ್‌ನಲ್ಲಿ ಆ ಮೂಲೆಯನ್ನು ನೋವಾದರೂ ಚೊಕ್ಕ ಮಾಡಿ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಇಂಥವು ಇಲ್ಲದಿದ್ದರೆ ಐಬುಪ್ರೊಫೆನ್ ಆಗಬಹುದು. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ನಮ್ಮವರಲ್ಲಿದೆ, ಅದರಿಂದ ವಸಡು ಸುಟ್ಟು ಬೆಳ್ಳಗಾಗುತ್ತದೆಯೇ ಹೊರತು ನೋವು ಹೋಗುವುದಿಲ್ಲ. ಲವಂಗದ ಎಣ್ಣೆಯನ್ನೂ ಸುರಿದುಕೊಳ್ಳಬೇಡಿ. ಇನ್ನು ಊರಿನಿಂದ ಸೂಟ್‌ಕೇಸಿನಲ್ಲಿ ತಂದ ಅಮಾಕ್ಸಿಸಿಲಿನ್! ನಾಲ್ಕು ಮಾತ್ರೆ ನುಂಗಿ ನೋವು ತಗ್ಗಿದ ಕೂಡಲೇ ನಿಲ್ಲಿಸುವವರನ್ನು ನಾನು ತಿಂಗಳಿಗೊಬ್ಬರಂತೆ ನೋಡುತ್ತೇನೆ. ವಸಡಿನ ಕೆಳಗಿನ ಕೊಳೆ ಮಾತ್ರೆಗೆ ಹೋಗುವುದಿಲ್ಲ, ತೊಳೆಯಬೇಕು. ಮಾರನೆಯ ದಿನ ಡೆಂಟಿಸ್ಟ್‌ಗೆ ಫೋನ್ ಮಾಡಿ. ದವಡೆಯ ಕೆಳಗೆ, ಕುತ್ತಿಗೆಯ ಕಡೆ ಬಾವು ಇಳಿಯುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಎಂಜಲು ನುಂಗಲಾಗದೆ ಸೋರುತ್ತಿದ್ದರೆ ಬೆಳಗಿನವರೆಗೆ ಕಾಯಬೇಡಿ, 911 ಕರೆಯಿರಿ. ಹಲ್ಲಿನ ಕೀವು ಗಂಟಲಿಗೆ ಇಳಿದರೆ ಪ್ರಾಣಕ್ಕೇ ಅಪಾಯ.

ಖರ್ಚಿನ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಿ. ಇಲ್ಲಿಯ ಬಹುತೇಕ ಡೆಂಟಲ್ ಇನ್ಶೂರೆನ್ಸ್‌ಗಳಿಗೆ ವರ್ಷಕ್ಕೆ ಒಂದು ಸಾವಿರದಿಂದ ಎರಡು ಸಾವಿರ ಡಾಲರಿನ ಮಿತಿ ಇರುತ್ತದೆ. ನಾಲ್ಕು ಹಲ್ಲು ಮತ್ತು ಮಲಗಿಸುವ ಖರ್ಚು ಸೇರಿದರೆ ಆ ಮಿತಿ ಒಂದೇ ದಿನದಲ್ಲಿ ಕರಗುತ್ತದೆ. ಮೂಳೆಯೊಳಗಿನ ಹಲ್ಲಿಗೆ ಕೆಲವು ಮೆಡಿಕಲ್ ಪ್ಲಾನ್‌ಗಳೂ ಹಣ ಕೊಡುತ್ತವೆ, ಎರಡೂ ಕಡೆ ಕೇಳಿ. ಎಸ್ಟಿಮೇಟ್‌ನಲ್ಲಿ ಡಿ7220 ಎಂದಿದ್ದರೆ ವಸಡು ಮಾತ್ರ ಮುಚ್ಚಿದ ಹಲ್ಲು, ಡಿ7230 ಎಂದರೆ ಅರ್ಧ ಮೂಳೆಯೊಳಗಿನದು, ಡಿ7240 ಎಂದರೆ ಪೂರ್ತಿ ಮೂಳೆಯೊಳಗಿನದು. ದರವೂ ಹಾಗೇ ಏರುತ್ತದೆ. ಹಲ್ಲು ಸರಳವಾಗಿದ್ದರೆ ಬರೀ ಮರಗಟ್ಟಿಸುವ ಇಂಜೆಕ್ಷನ್ ಸಾಕು, ಊರಿನಲ್ಲಿ ಹೆಚ್ಚಿನವರು ಹಾಗೇ ಕೀಳಿಸಿಕೊಳ್ಳುತ್ತಾರೆ. ಡೆಂಟಲ್ ಸ್ಕೂಲುಗಳ ಕ್ಲಿನಿಕ್ಕಿನಲ್ಲಿ ಸಾಮಾನ್ಯವಾಗಿ ದರ ಕಡಿಮೆ, ಸಮಯ ಮಾತ್ರ ಜಾಸ್ತಿ.

"ಡಿಸೆಂಬರಿಗೆ ಹೇಗೂ ಬೆಂಗಳೂರಿಗೆ ಹೋಗುತ್ತೇವಲ್ಲ, ಅಲ್ಲೇ ಮಾಡಿಸೋಣ" ಎನ್ನುವವರೂ ಇದ್ದಾರೆ. ಖಂಡಿತ ಆಗಬಹುದು, ಅಲ್ಲಿಯ ಓರಲ್ ಸರ್ಜನ್ನರ ಕೈ ಯಾರಿಗೂ ಕಡಿಮೆಯಲ್ಲ. ಆದರೆ ಹೋದ ಮೊದಲ ವಾರ ಮಾಡಿಸಿ, ಮದುವೆ-ಮುಂಜಿ ಎಲ್ಲ ಮುಗಿಸಿ ಫ್ಲೈಟಿಗೆ ಎರಡು ದಿನ ಇರುವಾಗ ಅಲ್ಲ. ಹೊಲಿಗೆ ಬಿಚ್ಚುವುದು, ಏನಾದರೂ ತೊಂದರೆಯಾದರೆ ತೋರಿಸುವುದು ಎಲ್ಲಕ್ಕೂ ಸಮಯ ಬೇಕು. ಇನ್ನೊಂದು ಎಚ್ಚರಿಕೆ. ಅಮೆರಿಕದಲ್ಲಿ ಹಲ್ಲುಗಳನ್ನು 1ರಿಂದ 32ರವರೆಗೆ ಎಣಿಸುತ್ತಾರೆ, ಬುದ್ಧಿಹಲ್ಲುಗಳು 1, 16, 17 ಮತ್ತು 32. ಭಾರತದಲ್ಲಿ ಹೆಚ್ಚಾಗಿ ಬಳಸುವ ಲೆಕ್ಕದಲ್ಲಿ ಅವೇ 18, 28, 38 ಮತ್ತು 48. ಇಲ್ಲಿಯ 17 ಎಂದರೆ ಕೆಳಗಿನ ಎಡಗಡೆಯ ಬುದ್ಧಿಹಲ್ಲು. ಅಲ್ಲಿಯ 17 ಎಂದರೆ ಮೇಲಿನ ಬಲಗಡೆಯ ಎರಡನೇ ದವಡೆ ಹಲ್ಲು, ಅಂದರೆ ಉಳಿಸಿಕೊಳ್ಳಬೇಕಾದ ಹಲ್ಲು! ಹಾಗಾಗಿ ನಂಬರು ಬರೆದ ಚೀಟಿಯನ್ನಲ್ಲ, ಎಕ್ಸ್-ರೇಯನ್ನೇ ಒಯ್ಯಿರಿ. ಇಲ್ಲಿ ಪ್ಯಾನೊರಮಿಕ್ ಎನ್ನುವುದಕ್ಕೆ ಅಲ್ಲಿ ಓ.ಪಿ.ಜಿ. ಎನ್ನುತ್ತಾರೆ, ಎರಡೂ ಒಂದೇ.

ಔಷಧದ ಚೀಟಿಯನ್ನು ಅಪ್ಪ-ಅಮ್ಮ ಓದಲೇಬೇಕು. ಹಲ್ಲು ಕಿತ್ತ ನೋವಿಗೆಂದು ಹದಿಹರೆಯದವರಿಗೆ ಹೈಡ್ರೊಕೊಡೋನ್, ಆಕ್ಸಿಕೊಡೋನ್‌ನಂಥ ಅಫೀಮಿನ ವಂಶದ ಮಾತ್ರೆಗಳನ್ನು ಈ ದೇಶದಲ್ಲಿ ಬಹಳ ಕಾಲ ಧಾರಾಳವಾಗಿ ಬರೆಯಲಾಗುತ್ತಿತ್ತು. 16ರಿಂದ 25ರ ವಯಸ್ಸಿನವರ ಮೇಲೆ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲ್ಲಿನ ಡಾಕ್ಟರಿಂದ ಇಂಥ ಚೀಟಿ ಪಡೆದವರಲ್ಲಿ ಶೇಕಡಾ 5.8 ಮಂದಿಗೆ ಒಂದು ವರ್ಷದೊಳಗೆ ಈ ಮಾತ್ರೆಗಳ ದುರ್ಬಳಕೆಗೆ ಸಂಬಂಧಿಸಿದ ತೊಂದರೆ ದಾಖಲಾಗಿತ್ತು. ಪಡೆಯದವರಲ್ಲಿ ಶೇಕಡಾ 0.4 ಮಾತ್ರ. ಚೀಟಿಯೇ ಪೂರ್ತಿ ಕಾರಣ ಎನ್ನಲಾಗದು, ಆದರೂ ನನಗೆ ಅಷ್ಟು ಸಾಕು. ಅಮೆರಿಕನ್ ಡೆಂಟಲ್ ಅಸೋಸಿಯೇಷನ್‌ನ 2024ರ ಮಾರ್ಗಸೂಚಿಯೂ ಐಬುಪ್ರೊಫೆನ್‌ನಂಥ ಮಾತ್ರೆಯನ್ನು ಒಂಟಿಯಾಗಿ ಅಥವಾ ಟೈಲೆನಾಲ್ ಜೊತೆಗೆ ಕೊಡುವುದೇ ಮೊದಲ ಆಯ್ಕೆ ಎನ್ನುತ್ತದೆ. ಹೆಚ್ಚಿನ ಮಕ್ಕಳಿಗೆ ಇದು ಧಾರಾಳ ಸಾಕಾಗುತ್ತದೆ. ಬೇರೆ ಮಾತ್ರೆ ಬರೆದಿದ್ದರೆ ಏಕೆ ಎಂದು ಕೇಳಿ. ತಂದು ಉಳಿದದ್ದನ್ನು ಕಪಾಟಿನಲ್ಲಿ ಇಡಬೇಡಿ, ಫಾರ್ಮಸಿಗೆ ಹಿಂತಿರುಗಿಸಿ.

ಕಿತ್ತ ದಿನ ಹತ್ತಿಬಟ್ಟೆಯನ್ನು ಅರ್ಧ-ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಅಲ್ಲಿ ಹೆಪ್ಪುಗಟ್ಟುವ ರಕ್ತವೇ ಆ ಗುಳಿಗೆ ಮುಚ್ಚಳ. ಉಗುಳುವುದು, ಸ್ಟ್ರಾನಲ್ಲಿ ಹೀರುವುದು, ಸಿಗರೇಟು ಸೇದುವುದು ಮಾಡಿದರೆ ಮುಚ್ಚಳ ಹಾರಿಹೋಗುತ್ತದೆ. ಕೆನ್ನೆ ಮೊದಲ ಎರಡು ಮೂರು ದಿನ ಊದುವುದು ಸಹಜ. ಆದರೆ ತಗ್ಗುತ್ತಿದ್ದ ನೋವು ಮೂರನೆಯ ಅಥವಾ ನಾಲ್ಕನೆಯ ದಿನ ಒಮ್ಮೆಲೇ ಏರಿ ಕಿವಿಯವರೆಗೆ ಸೆಳೆದರೆ ಅದು ಡ್ರೈ ಸಾಕೆಟ್, ಅಂದರೆ ಮುಚ್ಚಳವಿಲ್ಲದ ಗುಳಿ. ಕ್ಲಿನಿಕ್ಕಿಗೆ ಹೋದರೆ ತೊಳೆದು ಮದ್ದು ಇಡುತ್ತಾರೆ, ಅರ್ಧ ಗಂಟೆಯಲ್ಲಿ ಮುಖ ಅರಳುತ್ತದೆ. ಅಂದ ಹಾಗೆ, ಆ ಮದ್ದಿನಲ್ಲಿ ಸಾಮಾನ್ಯವಾಗಿ ಇರುವುದು ಲವಂಗದ ಸತ್ವವೇ. ಅಜ್ಜಿಯರು ಪೂರ್ತಿ ತಪ್ಪಲ್ಲ!

ಉಪ್ಪುನೀರು ಮಾರನೆಯ ದಿನದಿಂದ, ಮೆಲ್ಲಗೆ. ಊಟದ ವಿಷಯದಲ್ಲಿ ಮಾತ್ರ ಇಲ್ಲಿಯ ಮಕ್ಕಳಿಗಿಂತ ನಮ್ಮ ಮಕ್ಕಳು ಅದೃಷ್ಟವಂತರು. ಇಲ್ಲಿಯವರಿಗೆ ಆಪಲ್ ಸಾಸ್, ಐಸ್‌ಕ್ರೀಂ ಬಿಟ್ಟರೆ ಗತಿಯಿಲ್ಲ. ನಮ್ಮಲ್ಲಿ ಆರಿದ ರಾಗಿ ಅಂಬಲಿ, ಮೆತ್ತಗೆ ಕಿವುಚಿದ ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ಖಾರವಿಲ್ಲದ ಬೇಳೆಕಟ್ಟು ಎಲ್ಲ ಇದೆ. ಮೊಸರನ್ನಕ್ಕೆ ಸಾಸಿವೆ ಒಗ್ಗರಣೆ ಬೇಡ, ಸಾಸಿವೆ ನೇರ ಗುಳಿಗೇ ಹೋಗಿ ಕೂರುತ್ತದೆ. ಮಗಳ ಹಲ್ಲು ಈ ರಜೆಯಲ್ಲೇ ಎಂದು ನಿಗದಿಯಾಗಿದ್ದರೆ, ಹಬ್ಬಕ್ಕೆಂದು ಕರಿದಿಟ್ಟ ಚಕ್ಕುಲಿ, ಕೋಡುಬಳೆಯ ಡಬ್ಬವನ್ನು ಎರಡು ವಾರ ಅವಳ ಕಣ್ಣಿಗೆ ಬೀಳದಂತೆ ಮೇಲಿನ ಶೆಲ್ಫಿನಲ್ಲಿ ಇಟ್ಟುಬಿಡಿ.